ಆರಡಿಯ ಕಾಣೆಯಾದ ಹತ್ತು ಸೆಂಟಿಮೀಟರ್

ಆರಡಿ ತನ್ನ ಮನೆಯ ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರುವವನು. ಬಗ್ಗುವ ಅಗತ್ಯ ಖಂಡಿತ ಇರಲಿಲ್ಲ. ಅವನ ನೆತ್ತಿಗೂ ಬಾಗಿಲ ಮೇಲ್ಪಟ್ಟಿಗೂ ನಡುವೆ ಪಾರಿವಾಳವೊಂದು ರೆಕ್ಕೆ ಬಿಚ್ಚಿ ಆರಾಮವಾಗಿ ಹಾದುಹೋಗಬಹುದಿತ್ತು. ಆದರೂ ಹೊಸ್ತಿಲ ಹತ್ತಿರ ಬಂದ ಕೂಡಲೇ ಅವನ ಕತ್ತು ತಾನಾಗಿಯೇ ಒಂದು ಗೇಣು ಕೆಳಗಿಳಿಯುತ್ತಿತ್ತು, ಬೆನ್ನು ಬಿಲ್ಲಾಗುತ್ತಿತ್ತು, ಬಾಯಿಂದ "ಅಬ್ಬಬ್ಬಾ" ಎಂಬ ಸಣ್ಣ ನಿಟ್ಟುಸಿರು ಹೊರಡುತ್ತಿತ್ತು.

"ಹೊಸ್ತಿಲಿಗೆ ನಮಸ್ಕಾರ ಹಾಕಿ ಹಾಕಿ ಬೆನ್ನು ಹಾಗೇ ನಿಂತುಬಿಡತ್ತೆ ನೋಡ್ರಿ," ಎನ್ನುವಳು ಹೆಂಡತಿ, ಮಡಿಲಲ್ಲಿದ್ದ ಅಂಗಿಗೆ ಗುಂಡಿ ಹಚ್ಚುತ್ತಾ.

"ಎತ್ತರ ಇದ್ದೋರ ಕಷ್ಟ ನಿಂಗೇನು ಗೊತ್ತು? ನೀನು ಐದಡಿ. ಆರಾಮಾಗಿದೀಯ."

"ಹೌದಪ್ಪಾ. ಮೋಡ ಗೀಡ ಮೂಗಿಗೆ ತಗುಲಿದ್ರೆ ಹೇಳಿ, ಒರೆಸಿಕೊಡ್ತೀನಿ."

ಆರಡಿಗೆ ಇಂಥ ಮಾತು ತಾಗುತ್ತಿರಲಿಲ್ಲ. ಅಷ್ಟು ಕೆಳಗಿನಿಂದ ಬಂದ ಮಾತು ಅವನ ಕಿವಿಯವರೆಗೆ ಏರುವಷ್ಟರಲ್ಲಿ ಸುಸ್ತಾಗಿಬಿಡುತ್ತಿತ್ತು ಎಂದು ಅವನ ಭಾವನೆ. ಬೀದಿಯಲ್ಲಿ ಯಾರ ಮನೆಯ ಬಲ್ಬು ಕೆಟ್ಟರೂ, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಬೇಕಾದರೂ ಅವನಿಗೇ ಕರೆ. ಅವನೂ ಹೋಗುತ್ತಿದ್ದ. ಕೈ ಎಟುಕದಿದ್ದಾಗ ಸ್ಟೂಲು ತರಿಸಿಕೊಂಡು, "ನಿಮ್ಮ ಮನೆ ಸೂರು ವಿಪರೀತ ಎತ್ತರ ಕಟ್ಟಿಸಿದೀರಿ" ಎಂದು ಮನೆಯವರನ್ನೇ ಗದರಿಸುತ್ತಿದ್ದ. ಮನೆಯವರೂ ತಪ್ಪಾಯಿತೆನ್ನುವಂತೆ ತಲೆಯಾಡಿಸುತ್ತಿದ್ದರು.

ಅವನ ಉದ್ಯೋಗ ರೈಲು ನಿಲ್ದಾಣದ ಎದುರಿನ ದೊಡ್ಡ ಹೋಟೆಲಿನ ಮುಂಬಾಗಿಲು ತೆಗೆಯುವುದು. ಕೆಂಪು ಕೋಟು, ಹಿತ್ತಾಳೆ ಗುಂಡಿ, ಬಿಳಿ ಕೈಗವುಸು, ತಲೆಯ ಮೇಲೆ ಗರಿ ಸಿಕ್ಕಿಸಿದ ಟೋಪಿ. ಬಾಗಿಲು ತೆಗೆಯುವುದರಲ್ಲಿ ಏನು ಮಹಾ ಇದೆ ಎನ್ನುವವರು, ಅವನ ದೃಷ್ಟಿಯಲ್ಲಿ, ಜೀವನವಿಡೀ ತಮ್ಮ ಬಾಗಿಲು ತಾವೇ ತೆಗೆದುಕೊಂಡು ಬದುಕುವ ಪಾಪದ ಜನ. ಸಾಮಾನು ಹೊತ್ತು ಬಂದವರಿಗೆ ಒಂದು ಬಗೆಯ ತೆಗೆತ, ಹೊಸದಾಗಿ ಮದುವೆಯಾದವರಿಗೆ ಇನ್ನೊಂದು ಬಗೆಯದು, ಬರೀ ಬಚ್ಚಲುಮನೆ ಬಳಸಿಕೊಂಡು ಹೋಗಲು ಬಂದವರಿಗೆ ಗೌರವವಿದ್ದೂ ಇಲ್ಲದ ಮೂರನೆಯದು. ಮೊದಲು ಭುಜ ಹೊರಳಬೇಕು, ಆಮೇಲೆ ಮೊಣಕೈ, ಕೊನೆಗೆ ಬೆರಳು. ಹಿಡಿಯನ್ನು ಎಳೆದ ಹಾಗೆ ಕಾಣಬಾರದು, ಹಿಡಿಯೇ ಕೈಹಿಡಿದು ಹಿಂದೆ ಬಂದ ಹಾಗಿರಬೇಕು. ಆ ಹಳೆಯ ಮರದ ಬಾಗಿಲು ತೆರೆಯುವಾಗ "ಸ್ಸುಂಯ್" ಎಂದು ಮೆಲ್ಲಗೆ ಉಸಿರು ಬಿಡುತ್ತಿತ್ತು. ಆರಡಿ ಕನಸಿನಲ್ಲೂ "ಸ್ಸುಂಯ್" ಅನ್ನುತ್ತಾನೆಂದು ಹೆಂಡತಿ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು.

ಈ ಕೆಲಸ ಅವನಿಗೆ ಸಿಕ್ಕಿದ್ದು ಎತ್ತರದಿಂದಲೇ. ಹರೆಯದಲ್ಲಿ ಕೆಲಸ ಹುಡುಕಿಕೊಂಡು ತಿರುಗುತ್ತಿದ್ದಾಗ ಹೋಟೆಲಿನ ಗೋಡೆಯ ಮೇಲೆ 'ಬಾಗಿಲಿಗೆ ಆರಡಿ ಆಳು ಬೇಕು' ಎಂಬ ಹಲಗೆ ಕಂಡಿತು. ತನ್ನ ಎತ್ತರ ಎಷ್ಟೆಂದು ಅವನಿಗೆ ಗೊತ್ತಿರಲಿಲ್ಲ. ನೇರ ತನ್ನ ಬೀದಿಯ ದರ್ಜಿ ಮಾಸ್ಟರ ಅಂಗಡಿಗೆ ಓಡಿದ. ಮಾಸ್ಟರ್ ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಅದುಮಿ, ಟೇಪು ಮುಗಿದಲ್ಲಿ ಸೀಮೆಸುಣ್ಣದ ಗೆರೆ ಎಳೆದ. ಮತ್ತೆ ಅದೇ ತುದಿಯನ್ನು ಆ ಗೆರೆಗೆ ಅದುಮಿ, ಅಲ್ಲಿಂದ ನೆತ್ತಿಯವರೆಗೆ ಅಳೆದ.

"ಕೆಳಗೆ ಅರವತ್ತು, ಮೇಲೆ ಹನ್ನೆರಡು. ಎಪ್ಪತ್ತೆರಡು ಇಂಚು. ಅಣ್ಣಾ, ನೀನು ಆರಡಿ!"

ಹೋಟೆಲಿನ ಹಳೆಯ ಮಾಲೀಕರು ಕುಳ್ಳಗಿನ ಮನುಷ್ಯ. ಕತ್ತೆತ್ತಿ ನೋಡಿದರು, ನಂಬಿದರು. ಟೋಪಿಯ ಗರಿ ಬಾಗಿಲಿಗೆ ತಗುಲೀತೇ ಎಂದು ಒಂದಡಿಯ ಸ್ಕೇಲನ್ನು ಅವನ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸಿದರು. ಸ್ಕೇಲಿನ ತುದಿ ಚೌಕಟ್ಟಿಗೆ ಸರಿಯಾಗಿ ಮುಟ್ಟಿತು. "ಅಳತೆ ತಗೊಂಡು ಹುಟ್ಟಿದಾನೆ," ಎಂದರು. ಅಂದಿನಿಂದ ಅವನ ಸ್ವಂತ ಹೆಸರು ಯಾರಿಗೂ ಬೇಡವಾಯಿತು.

ಹೀಗೆ ಸುಖವಾಗಿದ್ದ ಕಾಲಕ್ಕೆ ಹೋಟೆಲು ಕೈ ಬದಲಾಯಿಸಿತು. ಊರೂರಿಗೊಂದು ಹೋಟೆಲು ಇಟ್ಟುಕೊಂಡಿದ್ದ ಕಂಪನಿಯೊಂದು ಅದನ್ನು ಕೊಂಡು, ಒಬ್ಬ ಮ್ಯಾನೇಜರ್ ಮೇಡಂರನ್ನು ಕಳಿಸಿತು. ಮೇಡಂ ಮೆಟ್ರಿಕ್ ಮನುಷ್ಯೆ. ಅಡಿ, ಇಂಚು, ಮೈಲಿ, ಗಜ ಇವೆಲ್ಲ ಅವರ ಕಿವಿಗೆ ಬಿದ್ದರೆ ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ಮುಖ ಕಿವಿಚುತ್ತಿದ್ದರು. ಸ್ವಾಗತದ ಮೇಜಿನವಳು "ನಮ್ಮನೆ ಇಲ್ಲೇ ಅರ್ಧ ಮೈಲಿ ಮೇಡಂ" ಎಂದರೆ ಇವರು ಕಣ್ಣು ಮುಚ್ಚಿ "ಎಂಟುನೂರ ಐದು ಮೀಟರ್" ಎನ್ನುವರು. ಕ್ಯಾಲ್ಕುಲೇಟರ್ ಇಲ್ಲ, ಬೆರಳೆಣಿಕೆ ಇಲ್ಲ, ಎಲ್ಲ ತಲೆಯೊಳಗೇ. ಅದೇ ಅವರ ಹೆಮ್ಮೆ. ಯಾರಾದರೂ ಹಳೆಯ ಅಳತೆ ಹೇಳಲಿ ಎಂದು ಅವರು ಕಾದು ಕೂತಿರುತ್ತಾರೆಂದೂ ಅಡುಗೆಮನೆಯಲ್ಲಿ ಮಾತಿತ್ತು.

"ಇಂಚು ಅಂದ್ರೆ ಏನ್ರೀ? ಒಂದು ಹೆಬ್ಬೆರಳು. ಯಾರ ಹೆಬ್ಬೆರಳು? ಎಷ್ಟು ದಪ್ಪ? ಹೆಬ್ಬೆರಳು ನಂಬಿಕೊಂಡು ಹೋಟೆಲ್ ನಡೆಸೋಕಾಗತ್ತಾ?" ಎಂದು ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಎಲ್ಲರೂ ತಮ್ಮ ತಮ್ಮ ಹೆಬ್ಬೆರಳನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡರು.

ಆಮೇಲೆ ಕಂಪನಿಯ ಹೊಸ ನಿಯಮ ಹೇಳಿದರು. ಮುಂಬಾಗಿಲಿನವನು ನೂರ ಎಂಬತ್ತು ಸೆಂಟಿಮೀಟರಿಗೆ ಕಡಿಮೆ ಇರಕೂಡದು. ಕಡಿಮೆ ಇದ್ದವನಿಗೆ ಹಿಂಬಾಗಿಲು. ಹಿಂಬಾಗಿಲೆಂದರೆ ಕಬ್ಬಿಣದ ಗೇಟು; ಅದನ್ನು ತೆಗೆದರೆ ಒಳಗೆ ಬರುವುದು ಮೂಲಂಗಿ, ಹೊರಗೆ ಹೋಗುವುದು ಕೊಳೆ ಹಾಸಿಗೆವಸ್ತ್ರದ ಗಂಟು. ಯಾವುದಕ್ಕೂ ಸ್ವಾಗತ ಹೇಳುವ ಹಾಗಿಲ್ಲ.

"ನೀವು ಎಷ್ಟು?" ಎಂದು ಮೇಡಂ ಕೇಳಿದರು.

"ಆರಡಿ, ಮೇಡಂ."

ಮೇಡಂ ಕಣ್ಣು ಮುಚ್ಚಿದರು. "ನೂರ ಎಂಬತ್ತಮೂರು. ಪರವಾಗಿಲ್ಲ. ಆದರೂ ಮುಂದಿನ ವಾರ ನಾನೇ ಅಳೆದು ನೋಡ್ತೀನಿ."

"ಧಾರಾಳವಾಗಿ. ಮೂರು ಸೆಂಟಿಮೀಟರ್ ಮಿಗತ್ತೆ, ಕಂಪನೀಲಿ ಯಾರಿಗಾದ್ರೂ ಕಡಿಮೆ ಬಿದ್ದಿದ್ರೆ ಕೊಟ್ಬಿಡಿ," ಎಂದ ಆರಡಿ. ಉಳಿದವರು ಕಿಸಕ್ಕನೆ ನಕ್ಕರು.

ಅದೇ ಮಧ್ಯಾಹ್ನ ಇನ್ನೊಂದು ಸಂಗತಿ ನಡೆಯಿತು. ಮರದ ಬಾಗಿಲು ತೆಗೆಸಿ ಅಲ್ಲಿ ಒಂದೇ ಹಲಗೆಯ ದಪ್ಪ ಗಾಜಿನ ಬಾಗಿಲು ಹಾಕಿಸಬೇಕೆಂದು ಕಂಪನಿಯ ಅಪ್ಪಣೆ. ಮೇಡಂ ಸ್ಟೀಲ್ ಟೇಪು ಹಿಡಿದು ಚೌಕಟ್ಟಿನ ಅಗಲ ಅಳೆದು ಫೋನಿನಲ್ಲಿ ಗಾಜಿನವನಿಗೆ ಹೇಳಿದರು. ಎತ್ತರಕ್ಕೆ ಕೈ ಎಟುಕಲಿಲ್ಲ, ಏಣಿ ಹಿತ್ತಲಲ್ಲಿತ್ತು, ಗಾಜಿನವನು "ಬೇಗ ಹೇಳಿ" ಎಂದು ಅವಸರ ಮಾಡುತ್ತಿದ್ದ.

"ಏಣಿ ಯಾಕೆ ಮೇಡಂ, ನಾನಿಲ್ವಾ?" ಎಂದು ಆರಡಿ ಚೌಕಟ್ಟಿನ ಕೆಳಗೆ ಎದೆ ಸೆಟೆಸಿ ನಿಂತ. "ನಾನು ಆರಡಿ. ನನ್ನ ತಲೆ ಮೇಲೆ ಸರಿಯಾಗಿ ಒಂದಡಿ, ಹಳೇ ಮಾಲೀಕರು ಸ್ಕೇಲಿಟ್ಟು ನೋಡಿದಾರೆ. ಏಳಡಿ, ಬರ್ಕೊಳ್ಳಿ."

ಎಲ್ಲ ಹೆಬ್ಬೆರಳಿನ ಲೆಕ್ಕವೇ. ಆದರೆ ಏಳಡಿಯನ್ನು ತಲೆಯೊಳಗೇ ಬದಲಾಯಿಸುವ ಸುಖವನ್ನು ಬಿಟ್ಟುಕೊಡಲು ಮೇಡಂಗೆ ಮನಸ್ಸಾಗಲಿಲ್ಲ. ಕಣ್ಣು ಮುಚ್ಚಿದರು. "ಇನ್ನೂರ ಹದಿಮೂರು!" ಎಂದು ಫೋನಿಗೆ ಹೇಳಿದರು. ಇಬ್ಬರೂ ತಮ್ಮ ತಮ್ಮ ಬಗ್ಗೆ ಬಹಳ ಸಂತೋಷಪಟ್ಟುಕೊಂಡು ಬೇರೆಯಾದರು.

ಹೊಸ ಬಾಗಿಲಿಗೆ ಹೊಸ ಕೋಟು. ಮುಖ್ಯ ಕಚೇರಿಗೆ ಅಳತೆ ಸೆಂಟಿಮೀಟರಿನಲ್ಲೇ ಹೋಗಬೇಕು. ಸಂಜೆ ಆರಡಿ ಹೆಂಡತಿಯನ್ನೂ ಕರೆದುಕೊಂಡು ದರ್ಜಿ ಮಾಸ್ಟರ ಅಂಗಡಿಗೆ ಹೋದ. ಹೆಂಡತಿಗೆ ಹೊಲಿದ ಅಂಗಿಗಳನ್ನು ತಲುಪಿಸಿ ಗುಂಡಿ ತರುವುದಿತ್ತು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಒಡೆದ ಮೂಲೆಯ ಕನ್ನಡಿ, ಇವುಗಳ ನಡುವೆ ಮಾಸ್ಟರ್. ಗೋಡೆಯ ಮೇಲೆ ಆ ಹಳೆಯ ಸೀಮೆಸುಣ್ಣದ ಗೆರೆ ಇನ್ನೂ ಇತ್ತು. ಬಣ್ಣ ಹೊಡೆಸಿದಾಗಲೂ ಅದೊಂದನ್ನು ಬಿಟ್ಟು ಹೊಡೆಸಬೇಕೆಂದು ಆರಡಿ ಎದುರಿಗೆ ಕೂತು ಕಾವಲು ಕಾದಿದ್ದ.

"ಸೆಂಟಿಮೀಟರಾ?" ಎಂದು ಮಾಸ್ಟರ್ ಕುತ್ತಿಗೆಯ ಟೇಪನ್ನು ತೆಗೆದು ಅದರ ಹಿಂಬದಿಯನ್ನು ಮೇಲಕ್ಕೆ ತಿರುಗಿಸಿದ. ಈ ಮಗ್ಗುಲಿನ ಇಂಚಿನ ಅಂಕಿಗಳು ಬೆವರಿಗೆ ಮಾಸಿದ್ದವು. ಆ ಮಗ್ಗುಲು ಅಂಗಡಿಯಿಂದ ನಿನ್ನೆ ತಂದ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು. "ಇದು ಆ ತುದಿಯಿಂದ ಶುರುವಾಗತ್ತೆ. ಉಪಯೋಗಿಸೇ ಇಲ್ಲ ನೋಡಣ್ಣ. ನಿಲ್ಲು."

ಆರಡಿ ಗೋಡೆಗೆ ಅಂಟಿ ನಿಂತ. ಮಾಸ್ಟರ್ ನೂರಕ್ಕೊಂದು ಗೆರೆ ಎಳೆದು, ಅಲ್ಲಿಂದ ಮೇಲಕ್ಕೆ ಅಳೆದ. ಕೆಮ್ಮಿದ. ಮತ್ತೆ ಅಳೆದ.

"ಎಷ್ಟು ಬಂತು ಮಾಸ್ಟ್ರೇ? ನೂರ ಎಂಬತ್ತಮೂರು ತಾನೆ?"

"ನೂರ ಎಪ್ಪತ್ತಮೂರು."

"ಸರಿಯಾಗಿ ನೋಡ್ರಿ!"

"ಸರಿಯಾಗೇ ನೋಡ್ದೆ. ಹತ್ತು ಸೆಂಟಿಮೀಟರ್ ಇಲ್ಲ."

"ಇಲ್ಲ ಅಂದ್ರೆ? ಬೆಳಿಗ್ಗೆ ಇತ್ತು!"

ಆರಡಿ ಟೇಪನ್ನು ಕಸಿದುಕೊಂಡ. ಇಂಚಿನ ಕಡೆ ತಿರುಗಿಸಿ ಅಳೆಸಿಕೊಂಡ. ಆರಡಿ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಸೆಂಟಿಮೀಟರ್ ಕಡೆ ತಿರುಗಿಸಿದರೆ ಮತ್ತೆ ಕುಗ್ಗಿದ. ಅದೇ ಟೇಪು, ಅದೇ ಗೋಡೆ, ಅದೇ ಮನುಷ್ಯ.

ಅವನ ಕೂಗು ಕೇಳಿ ಎದುರು ಸಲೂನಿನವನು ಕತ್ತರಿ ಕೈಯಲ್ಲಿ ಹಿಡಿದೇ ಬಂದ. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಬಂದ. ಸಲೂನಿನವನು ತಾನೂ ಅಳೆಸಿಕೊಂಡು ನೋಡಿದ. ಅವನೂ ಸೆಂಟಿಮೀಟರಿನಲ್ಲಿ ಕುಗ್ಗಿದ.

"ನಂಗೆ ಗೊತ್ತಾಯ್ತು," ಎಂದ ಅವನು ಗಂಭೀರವಾಗಿ. "ದುಡ್ಡು ಬದಲಾಯಿಸಿದ ಹಾಗೆ ಇದು. ಆ ದೇಶದ್ದು ಕೊಟ್ಟು ಈ ದೇಶದ್ದು ತಗೊಳ್ಳೋವಾಗ ನಡುವೆ ಕಮಿಷನ್ ಹೋಗಲ್ವಾ? ಅಡಿ ಕೊಟ್ಟು ಸೆಂಟಿಮೀಟರ್ ತಗೊಂಡ್ರೆ ಅಷ್ಟು ಕಮಿಷನ್ ಹೊಡ್ಕೊಳ್ತಾರೆ."

"ಯಾರು ಹೊಡ್ಕೊಳ್ಳೋದು?" ಎಂದು ಅರ್ಧ ಗಡ್ಡದವನು ಕೇಳಿದ.

"ಅದನ್ನೆಲ್ಲ ನಮ್ಮಂಥೋರಿಗೆ ಹೇಳ್ತಾರಾ?"

ಅಷ್ಟರಲ್ಲಿ ಆರಡಿಯ ಹೆಂಡತಿ ಮುಂದೆ ಬಂದು, "ನನ್ನ ಸೊಂಟ ನೋಡಿ ಮಾಸ್ಟ್ರೇ," ಎಂದಳು. ಅವಳ ಸೊಂಟ ಮೂವತ್ತೆಂಟು ಇಂಚು. ಅದು ಮದುವೆಯಾದಾಗಿನಿಂದ ಅವಳ ಪಾಲಿಗೆ ಬಂದ ದುಃಖ. ಇಂಚಿಗೆ ಎರಡೂವರೆ ಎಂದರೂ ತೊಂಬತ್ತೈದಾದರೂ ಬರಬೇಕು. ಬಂದಿದ್ದು ತೊಂಬತ್ತೊಂದು.

"ಅಯ್ಯೋ!" ಎಂದು ಅವಳು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. "ಒಂದು ತುತ್ತು ಬಿಡದೆ ಇಷ್ಟು ಇಳಿದಿದೀನಿ! ಎಂಥಾ ಒಳ್ಳೇ ಅಳತೆ ರೀ ಇದು!"

ಸುದ್ದಿ ಬೀದಿಗೆ ಹಬ್ಬಲು ಹೊತ್ತು ಬೇಕಾಗಲಿಲ್ಲ. ಅಂಗಡಿಯ ಮುಂದೆ ಸಾಲು ನಿಂತಿತು. ದಪ್ಪಗಿದ್ದವರೆಲ್ಲ ನಗುನಗುತ್ತಾ ಹೊರಬಂದರು, ಎತ್ತರದವರೆಲ್ಲ ಮುಖ ಸಪ್ಪೆ ಮಾಡಿಕೊಂಡು. ಕತ್ತಲಾಗುವಷ್ಟರಲ್ಲಿ ಬೀದಿಯಲ್ಲಿ ಎರಡು ಪಕ್ಷಗಳಾಗಿದ್ದವು. ಸೆಂಟಿಮೀಟರ್ ಪಕ್ಷಕ್ಕೆ ಆರಡಿಯ ಹೆಂಡತಿಯೇ ಮುಂದಾಳು. ಇಂಚಿನ ಪಕ್ಷಕ್ಕೆ ಆರಡಿ. ಎತ್ತರವೂ ದಪ್ಪವೂ ಎರಡೂ ಇದ್ದ ಬೇಕರಿಯವನು ಮಾತ್ರ ಎಲ್ಲಿ ಸೇರಬೇಕೆಂದು ತಿಳಿಯದೆ ಚರಂಡಿಯ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಿಂತಿದ್ದ.

"ಸ್ವಂತ ಗಂಡ ಕುಗ್ಗಿಹೋದ, ನೀನು ಕುಣೀತಿದೀಯಲ್ಲೇ!" ಎಂದ ಆರಡಿ.

"ನೀವು ಕುಗ್ಗಿದ್ರೆ ನಂಗೂ ಕತ್ತು ನೋವು ಕಡಿಮೆಯಾಗತ್ತೆ ಬಿಡಿ," ಎಂದಳು. ಆದರೆ ಮಾತು ಮುಗಿಯುವ ಮುಂಚೆ ಗಂಡನ ಮುಖ ನೋಡಿದಳು. ಕಣ್ಣಂಚಿನಲ್ಲಿ ನೀರಿತ್ತು. ನೂರ ಎಂಬತ್ತಕ್ಕೆ ಕಡಿಮೆಯಾದರೆ ಹಿಂಬಾಗಿಲು ಎನ್ನುವುದು ಅವಳಿಗೂ ಗೊತ್ತಿತ್ತು. ಕೆಂಪು ಕೋಟು ಕಳಚಿದ ಮೇಲೆ ಈ ಮನುಷ್ಯ ಎಷ್ಟು ಉಳಿಯುತ್ತಾನೆ ಎಂದು ನೆನೆದು ಅವಳ ನಗು ನಿಂತಿತು.

ಅವಳು ಒಳಗೆ ಹೋಗಿ ಮಾಸ್ಟರ ಕುತ್ತಿಗೆಯಿಂದ ಟೇಪನ್ನು ಎಳೆದುಕೊಂಡಳು. ಗುಂಡಿ ಹಚ್ಚುವವಳ ಕಣ್ಣು. ಟೇಪನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿ ನೋಡಿದಳು. ಸೆಂಟಿಮೀಟರ್ ಶುರುವಾಗುವ ತುದಿಯಲ್ಲಿ ಹಿತ್ತಾಳೆಯ ಪಟ್ಟಿ ಹೊಸದರಂತಿತ್ತು. ಇಂಚು ಶುರುವಾಗುವ ತುದಿಯಲ್ಲಿ ಪಟ್ಟಿಯೂ ಇರಲಿಲ್ಲ, ಒಂದೂ ಇರಲಿಲ್ಲ, ಎರಡೂ ಇರಲಿಲ್ಲ.

"ಮಾಸ್ಟ್ರೇ, ಇದು ಮೂರರಿಂದ ಶುರುವಾಗತ್ತಲ್ರೀ!"

"ಹ್ಞೂಂ," ಎಂದ ಮಾಸ್ಟರ್, ಸೂಜಿಗೆ ದಾರ ಪೋಣಿಸುತ್ತಾ. "ಕೆಲಸ ಕಲಿಯೋ ಕಾಲದಲ್ಲಿ ಇಸ್ತ್ರಿ ಪೆಟ್ಟಿಗೆ ಅದರ ಮೇಲಿಟ್ಟು ಊಟಕ್ಕೆ ಹೋಗಿದ್ದೆ. ಎರಡು ಇಂಚು ಸುಟ್ಟುಹೋಯ್ತು."

"ಮತ್ತೆ ಇಷ್ಟು ವರ್ಷ ಹೆಂಗೆ ಹೊಲಿದ್ರಿ?"

"ಯಾರ ಬಟ್ಟೆಯಾದ್ರೂ ಬಿಗಿಯಾಗಿದೆಯಾ ಹೇಳು. ನಾನು ಲೆಕ್ಕ ಮಾಡಲ್ಲಮ್ಮ, ಮಡಚ್ತೀನಿ. ಎದೆ ಮೂವತ್ತೆಂಟು ಅಂದ್ರೆ ಟೇಪನ್ನ ಮೂವತ್ತೆಂಟರಲ್ಲಿ ಹಿಡಿದು ಎರಡು ಮಡಿಕೆ, ಇನ್ನೆರಡು ಮಡಿಕೆ, ಬಟ್ಟೆ ಮೇಲಿಟ್ಟು ಗುರುತು. ಅಂಕಿ ಏನಾದ್ರೇನು? ಅಳೆಯೋದೂ ಇದೇ, ಕತ್ತರಿಸೋದೂ ಇದೇ."

ಅಲ್ಲಿದ್ದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಮಾತು ನಿಜವೇ, ಬಟ್ಟೆ ಯಾರಿಗೂ ಬಿಗಿಯಾಗಿರಲಿಲ್ಲ, ಸಡಿಲವೂ ಆಗಿರಲಿಲ್ಲ. ಇಡೀ ಬೀದಿಯ ಸೊಂಟಗಳು ಎರಡೆರಡು ಇಂಚು ಸುಳ್ಳಾಗಿದ್ದವು, ಅಷ್ಟೇ. ಆರಡಿಯ ಪಾಲಿಗೆ ಮಾತ್ರ ಸುಳ್ಳು ಎರಡು ಸಲ. ಟೇಪು ಅವನಿಗಿಂತ ಗಿಡ್ಡವಾದ್ದರಿಂದ ಅವನನ್ನು ಎರಡು ಕಂತಿನಲ್ಲಿ ಅಳೆಯಬೇಕಿತ್ತು. ಕೆಳಗಿನ ಕಂತಿನಲ್ಲಿ ಎರಡು ಇಂಚು, ಮೇಲಿನ ಕಂತಿನಲ್ಲಿ ಎರಡು ಇಂಚು. ಆರಡಿಯ ಒಟ್ಟು ನಾಲ್ಕು ಇಂಚು ಯಾವತ್ತೂ ಇರಲೇ ಇಲ್ಲ.

"ಅಂದ್ರೆ ನಾನು ಐದಡಿ ಎಂಟು ಇಂಚಾ?" ಎಂದ ಅವನು, ಯಾರೋ ಸತ್ತ ಸುದ್ದಿ ಕೇಳಿದ ಹಾಗೆ.

"ಬೇಜಾರು ಮಾಡ್ಕೋಬೇಡ ಅಣ್ಣ," ಎಂದ ಮಾಸ್ಟರ್. "ನಿನ್ನ ಪ್ಯಾಂಟು ಯಾವತ್ತಾದ್ರೂ ಉದ್ದ ಆಗಿತ್ತಾ?"

ಮೇಡಂ ಅಳೆಯುವ ದಿನಕ್ಕೆ ಇನ್ನೂ ವಾರವಿತ್ತು. ಆ ವಾರ ಆರಡಿಯ ಮನೆಯಲ್ಲಿ ನಡೆದದ್ದನ್ನು ಅಕ್ಕಪಕ್ಕದವರು ಕಿಟಕಿಗೆ ಮುಖ ಒತ್ತಿ ನೋಡಿದರು. ಅವನು ಅಟ್ಟದ ತೊಲೆ ಹಿಡಿದು ನೇತಾಡಿದ. ಹೆಂಡತಿ ಕಾಲು ಹಿಡಿದು ಜಗ್ಗಿದಳು. ಜಗ್ಗಿದ ಜೋರಿಗೆ ಅವನ ಪ್ಯಾಂಟು ಕೈಗೆ ಬಂತೇ ಹೊರತು ಅವನು ಬರಲಿಲ್ಲ. ಅತ್ತೆ ಬಂದವರು "ಅಳಿಯಂದಿರು ಯಾಕೆ ಒಗೆದ ಬಟ್ಟೆ ಹಾಗೆ ತೊಲೆಗೆ ನೇತುಬಿದ್ದಿದಾರೆ?" ಎಂದು ಕೇಳಿ, ಕಾರಣ ತಿಳಿದ ಮೇಲೆ, "ಹಿಟ್ಟು ನಾದಿದ ಹಾಗೆ ನಾದಿದ್ರೆ ಉದ್ದ ಬರಬಹುದೇನೋ" ಎಂದು ಲಟ್ಟಣಿಗೆ ಹುಡುಕಿದರು. ಸಲೂನಿನವನು ಕೂದಲನ್ನು ಮೇಲಕ್ಕೆ ನಿಲ್ಲಿಸುವ ಎಣ್ಣೆ ತಂದುಕೊಟ್ಟ. ಎಷ್ಟು ಮಾಡಿದರೂ ಮನೆಯ ಗೋಡೆಯ ಮೇಲೆ ಅವನ ನೆತ್ತಿಗೆ ಎಳೆದ ಗೆರೆ ಎಳೆದಲ್ಲೇ ಇತ್ತು.

ಕೊನೆಗೂ ಆ ದಿನ ಬಂತು. ಮೇಡಂ ಅವನನ್ನು ಗೋಡೆಗೆ ನಿಲ್ಲಿಸಿ ಸ್ಟೀಲ್ ಟೇಪು ಎಳೆದರು. ಕೂದಲನ್ನು ಸ್ಕೇಲಿನಿಂದ ಒತ್ತಿದರು. ಎಣ್ಣೆ ಪಿಚಕ್ಕೆಂದು ಹೊರಬಂತು.

"ನೂರ ಎಪ್ಪತ್ತಮೂರು. ಏನ್ರೀ ಇದು? ಆರಡಿ ಅಂದ್ರಲ್ಲ?"

ಆರಡಿ ಏನೋ ಹೇಳಲು ಹೋದ. ಇಸ್ತ್ರಿ ಪೆಟ್ಟಿಗೆಯಿಂದ ಶುರುಮಾಡಬೇಕೋ, ಮಾಸ್ಟರ ಊಟದಿಂದಲೋ ತಿಳಿಯದೆ ಹಣೆಗೆ ಇಳಿದ ಎಣ್ಣೆ ಒರೆಸಿಕೊಂಡ.

"ಅದಕ್ಕೇ ನಾನು ಹೇಳೋದು," ಎಂದರು ಮೇಡಂ, ಗೆದ್ದ ದನಿಯಲ್ಲಿ. "ಹೆಬ್ಬೆರಳಿನ ಲೆಕ್ಕ!"

ಮರುದಿನದಿಂದ ಕೆಂಪು ಕೋಟು ಹೊಸಬನೊಬ್ಬನ ಮೈಮೇಲೆ ಏರಿತು. ಅವನು ನೂರ ತೊಂಬತ್ತು. ಲೆಕ್ಕ ಹಾಕಿ ಬೆಳೆದ ಹಾಗಿದ್ದ. ಕೋಟಿನ ತೋಳು ಅವನ ಮೊಣಕೈಗೇ ಮುಗಿದುಹೋಗುತ್ತಿತ್ತು. ಅವನು ಬಾಗಿಲನ್ನು ಕಪಾಟು ಎಳೆದ ಹಾಗೆ ಎಳೆಯುತ್ತಿದ್ದ. ಆರಡಿ ಬೂದು ಅಂಗಿ ಹಾಕಿಕೊಂಡು ಹಿಂಬಾಗಿಲಿಗೆ ಹೋದ. ಮೊದಲ ದಿನ ಅಭ್ಯಾಸಬಲದಿಂದ ಮೂಲಂಗಿ ಗಾಡಿಗೆ ಸೊಂಟ ಬಗ್ಗಿಸಿ "ಸ್ವಾಗತ" ಎಂದ. ಗಾಡಿಯವನು ಹಿಂದೆ ತಿರುಗಿ ಯಾರು ಬಂದರೆಂದು ನೋಡಿದ.

ಮನೆಯಲ್ಲಿ ಅವನು ಬಾಗಿಲಲ್ಲಿ ಬಗ್ಗುವುದನ್ನು ಬಿಟ್ಟುಬಿಟ್ಟ. ನೆಟ್ಟಗೆ ಬಂದು ನೆಟ್ಟಗೆ ಕೂರುತ್ತಿದ್ದ. ಹೆಂಡತಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಸೆಂಟಿಮೀಟರ್ ಪಕ್ಷಕ್ಕೆ ಅವಳು ಅಂದೇ ರಾಜೀನಾಮೆ ಕೊಟ್ಟಳು.

ಇತ್ತ ಹೋಟೆಲಿನಲ್ಲಿ ಗಾಜು ಬರುವ ದಿನವೂ, ಅದನ್ನು ನೋಡಲು ಕಂಪನಿಯ ದೊಡ್ಡ ಸಾಹೇಬರು ಬರುವ ದಿನವೂ ಒಂದೇ ಆಯಿತು. ಹಿಂದಿನ ಸಂಜೆಯೇ ಮರದ ಬಾಗಿಲನ್ನು ಕಿತ್ತು ಗುಜರಿಯವನ ಗಾಡಿಗೆ ಏರಿಸಿದ್ದರು. ಬೆಳಿಗ್ಗೆ ನಾಲ್ಕು ಜನ ಗಾಜನ್ನು ಹೊತ್ತು ತಂದು ಚೌಕಟ್ಟಿಗೆ ನಿಲ್ಲಿಸಿದರು. ಅಗಲ ಸರಿಯಾಗಿ ಕೂತಿತು. ಎತ್ತರ ಕೂರಲಿಲ್ಲ. ಗಾಜಿನ ತಲೆ ಚೌಕಟ್ಟಿಗಿಂತ ಮೇಲೆ, ಬಿಸಿಲಲ್ಲಿ ಮಿನುಗುತ್ತಾ, ಇಣುಕಿ ನೋಡುತ್ತಿತ್ತು.

"ಕೊಯ್ದು ಸರಿಮಾಡ್ರಿ!" ಎಂದರು ಮೇಡಂ.

"ಇದನ್ನ ಕೊಯ್ಯೋಕಾಗಲ್ಲ ಮೇಡಂ. ಕೊಯ್ದ್ರೆ ಇಡೀದು ಕಲ್ಲುಸಕ್ಕರೆ ಆಗತ್ತೆ," ಎಂದ ಗಾಜಿನವನು. "ನೀವು ಹೇಳಿದ್ದು ಇನ್ನೂರ ಹದಿಮೂರು. ನಿಮ್ಮ ಚೌಕಟ್ಟು ಇನ್ನೂರ ಮೂರೇ ಇದೆ."

ಮೇಡಂ ಏಣಿ ತರಿಸಿ ತಾವೇ ಹತ್ತಿ ಅಳೆದರು. ಇನ್ನೂರ ಮೂರು. ಕಣ್ಣು ಮುಚ್ಚಿದರು, ಈ ಸಲ ಲೆಕ್ಕ ಹಾಕಲು ಅಲ್ಲ.

ಗಲಾಟೆ ಕೇಳಿ ಹಿಂದಿನಿಂದ ಆರಡಿಯೂ ಬಂದಿದ್ದ. ಅವನು ಚೌಕಟ್ಟಿನಾಚೆ ಉಳಿದ ಆ ಗಾಜಿನ ಪಟ್ಟಿಯನ್ನೇ ನೋಡಿದ. ಎಲ್ಲೋ ನೋಡಿದ ಮುಖದ ಹಾಗಿತ್ತು.

"ಮೇಡಂ," ಎಂದ ಮೆಲ್ಲಗೆ, "ಅದು ನಂದು."

"ಏನ್ರೀ ನಿಮ್ದು?"

"ಆ ಹತ್ತು ಸೆಂಟಿಮೀಟರ್."

ಮೇಡಂ ಏಣಿಯ ಮೇಲಿಂದ ಅವನನ್ನು ನೋಡಿದರು, ಗಾಜನ್ನು ನೋಡಿದರು. ಆ ಮಧ್ಯಾಹ್ನ ಫೋನು ಹಿಡಿದು ತಾವೂ ಎಷ್ಟು ಖುಷಿಪಟ್ಟಿದ್ದರೆಂಬುದು ನೆನಪಾಯಿತು. ಬೈಯಲು ಬಾಯಿ ತೆರೆದರು. ಯಾರನ್ನು ಬೈಯಬೇಕೆಂದು ಗೊತ್ತಾಗದೆ ಮುಚ್ಚಿದರು. ಅಷ್ಟರಲ್ಲಿ ಬೀದಿ ತಿರುವಿನಲ್ಲಿ ಕಪ್ಪು ಕಾರಿನ ಹಾರ್ನ್ ಕೇಳಿಸಿತು. ಸಾಹೇಬರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟಿದ್ದರು.

ಗಾಜನ್ನು ಹೊತ್ತವರು ಪಕ್ಕದ ಓಣಿಗೆ ಓಡಿದರು. ಏಣಿಯನ್ನು ಪರದೆಯ ಹಿಂದೆ ತಳ್ಳಿದರು. ಮುಂಬಾಗಿಲಿನ ಜಾಗದಲ್ಲಿ ಬರೀ ಗಾಳಿ. ಕೆಂಪು ಕೋಟಿನ ಉದ್ದನೆಯವನು ಆ ಗಾಳಿಯ ಪಕ್ಕದಲ್ಲಿ ನಿಂತು, "ಬಾಗಿಲೇ ಇಲ್ಲವಲ್ಲ, ಏನು ತೆಗೀಲಿ?" ಎಂದು ಎಲ್ಲರನ್ನೂ ಕೇಳುತ್ತಿದ್ದ.

"ನೀನು ಸ್ವಲ್ಪ ಆಕಡೆ ಹೋಗಪ್ಪ," ಎಂದು ಆರಡಿ ಅವನ ಬಲಗೈಯಿಂದ ಬಿಳಿ ಗವುಸನ್ನು ಕಳಚಿ ತನ್ನ ಕೈಗೆ ಏರಿಸಿಕೊಂಡ. ಅದು ತನ್ನದೇ ಹಳೆಯ ಗವುಸು; ಬೆರಳು ಬೆರಳೂ ಪರಿಚಯದಿಂದ ಒಳಗೆ ಇಳಿಯಿತು. ಚೌಕಟ್ಟಿನ ಪಕ್ಕ ನಿಂತ. ಕೆಟ್ಟರೆ ಹಿಂಬಾಗಿಲೂ ಉಳಿಯದು.

ಸಾಹೇಬರು ಮೆಟ್ಟಿಲೇರಿ ಬಂದರು. ಬೆಳ್ಳಗಿನ ಸೂಟು, ಕೈಯಲ್ಲಿ ಬೆತ್ತ, ಹಿಂದೆ ಮೂವರು ಸಹಾಯಕರು.

ಆರಡಿಯ ಭುಜ ಹೊರಳಿತು. ಆಮೇಲೆ ಮೊಣಕೈ. ಕೊನೆಗೆ ಬೆರಳುಗಳು ಇಲ್ಲದ ಹಿಡಿಯನ್ನು ಹಿಡಿದವು. ತೂಕವಿರುವ ವಸ್ತುವನ್ನು ಎಳೆಯುವಾಗ ಆಗುವ ಹಾಗೆಯೇ ಅವನ ಹಿಮ್ಮಡಿ ಒಂದಿಷ್ಟು ಹಿಂದೆ ಜಾರಿತು. ತುಟಿಗಳ ನಡುವಿನಿಂದ, ಯಾರಿಗೂ ಕಾಣದಂತೆ, "ಸ್ಸುಂಯ್" ಎಂಬ ಸದ್ದು ಹೊರಟಿತು. ಬಾಗಿಲು ತೆರೆಯಿತು.

"ಸ್ವಾಗತ, ಸಾರ್."

ಸಾಹೇಬರು ಒಂದು ಕ್ಷಣ ನಿಂತರು. ಸೂಟಿನ ಅಂಚು ಗಾಜಿಗೆ ತಗುಲಬಾರದೆಂದು ಕೈಯಿಂದ ಹಿಂದಕ್ಕೆ ಹಿಡಿದುಕೊಂಡರು. ಒಳಗೆ ಬಂದರು. ಆರಡಿ ಮೆಲ್ಲಗೆ ಮುಚ್ಚಿದ. ಅವರ ಹಿಂದೆಯೇ ನುಗ್ಗುತ್ತಿದ್ದ ಮೊದಲ ಸಹಾಯಕ ಮೂಗು ಜಜ್ಜೀತೆಂದು ಗಕ್ಕನೆ ನಿಂತ. ಉಳಿದಿಬ್ಬರು ಅವನ ಬೆನ್ನಿಗೆ ಡಿಕ್ಕಿ ಹೊಡೆದರು. ಆರಡಿ ಮತ್ತೆ ತೆಗೆದ. ಮೂವರೂ ಸಾಲಾಗಿ, ಉಸಿರು ಬಿಗಿಹಿಡಿದು, ಓರೆಯಾಗಿ ಒಳಗೆ ಬಂದರು.

"ಗಾಜು ಅಂದ್ರೆ ಹೀಗಿರಬೇಕು!" ಎಂದರು ಸಾಹೇಬರು. 

ಮೇಡಂ ಕಡೆ ತಿರುಗಿದರು. "ಎಷ್ಟು ಶುಭ್ರವಾಗಿ ಒರೆಸಿದೀರಿ! ಇದೆ ಅಂತಲೇ ಗೊತ್ತಾಗಲ್ಲ. ಬೇರೆ ಊರಲ್ಲೆಲ್ಲ ಬರೀ ಬೆರಳಿನ ಗುರುತು."

ಮೇಡಂ ತಲೆಯಾಡಿಸಿದರು. ಮಾತು ಹೊರಡಿಸಿದರೆ ನಗು ಹೊರಡುತ್ತದೋ ಅಳು ಹೊರಡುತ್ತದೋ ಎಂಬ ಭಯಕ್ಕೆ ತುಟಿ ಬಿಗಿದಿದ್ದರು. ಸ್ವಾಗತದ ಮೇಜಿನವಳು ನೆಲಕ್ಕೆ ಬಿದ್ದ ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಸೇರಿಕೊಂಡಿದ್ದಳು, ಮೇಜು ಅಲುಗಾಡುತ್ತಿತ್ತು.

"ಮತ್ತೆ ಈ ಬಾಗಿಲಿನವರು," ಎಂದು ಸಾಹೇಬರು ಆರಡಿಯ ಎದುರು ಬಂದು ನಿಂತರು. ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿದ್ದವು. "ನಮ್ಮ ಹೋಟೆಲುಗಳಲ್ಲೆಲ್ಲ ಬಾಗಿಲಿನವನ ಮೂಗಿನ ಹೊಳ್ಳೆ ನೋಡಿಕೊಂಡೇ ನಾನು ಒಳಗೆ ಹೋಗಬೇಕು. ಇವರ ಮುಖ ಕಾಣತ್ತೆ! ಎಷ್ಟಪ್ಪ ನಿಮ್ಮ ಎತ್ತರ?"

ಆರಡಿಯ ನಾಲಗೆಯ ತುದಿಗೆ ಹಳೆಯ ಉತ್ತರ ಬಂದು ಕೂತಿತು. ಅವನು ಅದನ್ನು ನುಂಗಿದ.

"ನೂರ ಎಪ್ಪತ್ತಮೂರು, ಸಾರ್."

"ನಾನೂ ಅಷ್ಟೇ!" ಸಾಹೇಬರ ಮುಖ ಅರಳಿತು. "ಅಂದ್ರೆ ಹೆಚ್ಚು ಕಡಿಮೆ ಆರಡಿ, ಅಲ್ವಾ ಮೇಡಂ?"

ಮೇಡಂ ಕಣ್ಣು ಮುಚ್ಚಿದರು. ತಲೆಯೊಳಗೆ ಅಡಿ ಇಂಚುಗಳು ಗಿರಗಿರನೆ ತಿರುಗಿ ಉತ್ತರ ಬಂದು ಬಾಗಿಲು ತಟ್ಟುತ್ತಿದ್ದದ್ದು ಅವರ ಹಣೆಯಲ್ಲೇ ಕಾಣುತ್ತಿತ್ತು.

"ಹೆಚ್ಚು ಕಡಿಮೆ, ಸಾರ್," ಎಂದರು ಮೇಡಂ.

"ಇವರನ್ನ ಇಲ್ಲಿಂದ ಅಲ್ಲಾಡಿಸಬೇಡಿ," ಎಂದು ಸಾಹೇಬರು ಅಪ್ಪಣೆ ಕೊಟ್ಟು, ಅಲ್ಲೇ ಸೋಫಾದಲ್ಲಿ ಬಾಗಿಲಿಗೆ ಮುಖ ಮಾಡಿ ಕೂತರು. ಆ ಗಾಜನ್ನು ಎಷ್ಟು ನೋಡಿದರೂ ಅವರಿಗೆ ತೃಪ್ತಿಯಿರಲಿಲ್ಲ.

ಅದೇ ಹೊತ್ತಿಗೆ ಬೀದಿಯ ಕಂದು ನಾಯಿಯೊಂದು ಬಾಲವಾಡಿಸುತ್ತಾ ಮೆಟ್ಟಿಲೇರಿ ನೇರ ಒಳಗೆ ಬರತೊಡಗಿತು. ಗಾಜಿನೊಳಗಿಂದ ತೂರಿ ಬಂದ ನಾಯಿಯನ್ನು ಸಾಹೇಬರಿಗೆ ವಿವರಿಸುವ ವಿದ್ಯೆ ಮೇಡಂಗೂ ಇರಲಿಲ್ಲ. ಆರಡಿ ಒಂದೇ ನೆಗೆತಕ್ಕೆ ಚೌಕಟ್ಟಿಗೆ ಹಾರಿದ. ಭುಜ, ಮೊಣಕೈ, ಬೆರಳು. "ಸ್ಸುಂಯ್." ಸೊಂಟ ಬಗ್ಗಿಸಿ, "ಸ್ವಾಗತ," ಎಂದ.

ನಾಯಿ ಅವನನ್ನು ಅನುಮಾನದಿಂದ ನೋಡಿ, ಒಳಗೆ ಒಂದು ಸುತ್ತು ಹಾಕಿ, ಹೊರಗೆ ಹೋಗಲು ಬಂದು, ಚೌಕಟ್ಟಿನ ಹತ್ತಿರ ನಿಂತು ಅವನ ಮುಖ ನೋಡಿತು. ಆರಡಿ ಮತ್ತೆ ತೆಗೆದ.

"ನಾಯಿಗೂ ಇಷ್ಟು ಮರ್ಯಾದೆ!" ಎಂದು ಸಾಹೇಬರು ತೊಡೆ ತಟ್ಟಿ ಸಹಾಯಕರ ಕಡೆ ನೋಡಿದರು.

ಮರುವಾರ ಹೊಸ ಗಾಜು ಬಂತು. ಈ ಸಲ ಮೇಡಂ ಏಣಿ ಹತ್ತಿ ತಾವೇ ಅಳೆದರು. ಕೆಳಗೆ ಏಣಿ ಹಿಡಿದುಕೊಂಡವನು ಕೆಂಪು ಕೋಟಿನ ಆರಡಿ. ನೂರ ತೊಂಬತ್ತರವನು ಹಿಂಬಾಗಿಲಿನಲ್ಲಿ ಸುಖವಾಗಿದ್ದ. ಅವನಿಗೆ ಗೇಟಿನ ಮೇಲಿಂದಲೇ ಮೂಲಂಗಿ ಗಾಡಿ ಕಾಣುತ್ತಿತ್ತು.

ಆದರೆ ಅದಕ್ಕಿಂತ ಮೊದಲು, ನಾಯಿಗೆ ಬಾಗಿಲು ತೆಗೆದ ಆ ಸಂಜೆ, ಆರಡಿ ಮನೆಗೆ ಬಂದಾಗ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಬೀದಿಯವರು ಕಿಟಕಿಗಳಲ್ಲಿ ನಿಂತಿದ್ದರು. ಮನೆಯ ಬಾಗಿಲು ಯಾವಾಗಲೂ ಇರುವ ಹಾಗೆ ಹಾರುಹೊಡೆದಿತ್ತು. ಹೊಸ್ತಿಲ ಒಳಗಡೆ ಹೆಂಡತಿ ನಿಂತಿದ್ದಳು, ಕೈಗೆ ಬಿಳಿ ಕಾಲುಚೀಲ ತೊಟ್ಟು.

ಅವಳು ಭುಜ ಹೊರಳಿಸಿದಳು. ತೆರೆದೇ ಇದ್ದ ಬಾಗಿಲನ್ನು ಗಂಭೀರವಾಗಿ ತೆರೆದಳು.

"ಸ್ಸುಂಯ್," ಎಂದಳು. "ಬನ್ನಿ ಆರಡಿಯವರೇ."

ಆರಡಿ ಹೊಸ್ತಿಲ ಹತ್ತಿರ ಬಂದ. ಮೇಲ್ಪಟ್ಟಿಯನ್ನು ಒಮ್ಮೆ ನೋಡಿದ. ಪಾರಿವಾಳ ಹಾರುವಷ್ಟು ಜಾಗ ಹಾಗೆಯೇ ಇತ್ತು. ಅವನ ಕತ್ತು ಒಂದು ಗೇಣು ಕೆಳಗಿಳಿಯಿತು, ಬೆನ್ನು ಬಿಲ್ಲಾಯಿತು.

"ಅಬ್ಬಬ್ಬಾ," ಎಂದುಕೊಂಡು ಒಳಗೆ ಬಂದ.